ನಡಾವಳಿಯಲ್ಲಿ ಇಲ್ಲದ ಮಾತು

ಲ್ಯಾಬ್ ಅಣ್ಣ ತೀರಿಕೊಂಡ ಸುದ್ದಿ ಬಂದದ್ದು ಕಚೇರಿಯ ವಾಟ್ಸಾಪ್ ಗುಂಪಿನಲ್ಲಿ, ಯಾರದೋ ಮಗಳ ಹುಟ್ಟುಹಬ್ಬದ ಕೇಕಿನ ಫೋಟೋ ಕೆಳಗೆ. ಐದೇ ನಿಮಿಷದಲ್ಲಿ ಕೈಮುಗಿದ ಚಿತ್ರಗಳು ಸಾಲುಗಟ್ಟಿದವು. ಅವರು ಬದುಕಿದ್ದಾಗ ಎದುರಿಗೆ ಸಿಕ್ಕರೆ ಫೋನು ನೋಡುವ ನೆಪ ಮಾಡಿ ಪಕ್ಕಕ್ಕೆ ಸರಿಯುತ್ತಿದ್ದವರೆಲ್ಲ ಕೈ ಮುಗಿದಿದ್ದರು. ನನಗೆ ಮೈ ಉರಿದುಹೋಯಿತು. ಆಮೇಲೆ ನೋಡುತ್ತೇನೆ, ನಾನೂ ಒಂದು ಒತ್ತಿದ್ದೆ.

ಮಧ್ಯಾಹ್ನ ಈಗಿನ ನಿರ್ದೇಶಕರು ಕರೆದು, "ಮೇಡಂ, ಸಂತಾಪ ಸಭೆಗೆ ಎರಡು ಸಾಲು ಬರೆದುಕೊಡಿ, ನೀವು ಅವರನ್ನ ಚೆನ್ನಾಗಿ ಬಲ್ಲಿರಂತೆ" ಎಂದರು. ಬರೆಯಲು ಕೂತೆ. ಸರಳ, ಸಜ್ಜನ, ಕರ್ತವ್ಯನಿಷ್ಠ ಎಂದು ಬರೆದೆ, ಅಳಿಸಿದೆ. ಈ ಕೇಂದ್ರದ ಸಭೆಗಳ ನಡಾವಳಿ ಬರೆದು ಬರೆದು ನನ್ನ ಕೈಗೆ ಇಂಥ ಮಾತು ತಾನಾಗಿಯೇ ಬರುತ್ತದೆ. ಆ ದಿನ ಬರಲಿಲ್ಲ. ತಲೆನೋವು ಎಂದು ಹೇಳಿ ಎದ್ದುಬಂದೆ. ಬೇರೆ ಯಾರೋ ಬರೆದರು, ಎಲ್ಲರೂ ಒಂದು ನಿಮಿಷ ಎದ್ದು ನಿಂತರು, ಮುಗಿಯಿತು.

ಮುಗಿಯಲಿಲ್ಲ ಎನ್ನುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ವಿಶ್ವವಿದ್ಯಾಲಯದ ಹೆಸರು ಬೇಡ. ಅಣ್ಣನ ಹೆಸರೂ ಬೇಡ. ಅವರ ಹೆಸರು ಬರೆದರೆ ಪಕ್ಕದಲ್ಲಿ ನನ್ನ ಹೆಸರನ್ನೂ ಬರೆಯಬೇಕಾಗುತ್ತದೆ, ಅಷ್ಟು ಧೈರ್ಯ ನನಗೆ ಇನ್ನೂ ಬಂದಿಲ್ಲ.

ನಮ್ಮದು ರಾಮನಗರ ಮಾಗಡಿ ನಡುವೆ, ಬಂಡೆಗಳ ಮಗ್ಗುಲಲ್ಲಿರುವ ಒಂದು ಸ್ನಾತಕೋತ್ತರ ಕೇಂದ್ರ. ನಾನು ಸೋಲೂರಿನವಳು. ಎರಡು ಬಸ್ಸು ಬದಲಿಸಿ ಬಂದು ಎರಡನೇ ದರ್ಜೆ ಸಹಾಯಕಿಯಾಗಿ ಸೇರಿದ ಮೊದಲ ದಿನ, ಅರ್ಧ ದಿನ ಕೂತು ಟೈಪ್ ಮಾಡಿದ ಪತ್ರ ಕರೆಂಟ್ ಹೋಗಿ ಮಾಯವಾಯಿತು. ಅಳು ಬಂತು. ಆಗ ಬಾಗಿಲಲ್ಲಿ ಒಬ್ಬ ಕುಳ್ಳನೆಯ, ಗಟ್ಟಿಮುಟ್ಟಾದ ಮನುಷ್ಯ ನಿಂತಿದ್ದರು. ಬಿಳಿ ಅಂಗಿ, ಹೆಗಲ ಮೇಲೆ ಟವೆಲು. ಕೈಬೆರಳ ತುದಿಗಳೆಲ್ಲ ಕಂದುಗಟ್ಟಿದ್ದವು.

"ಹೊಸಬ್ರಾ? ಅಳ್ಬೇಡಿ. ಈ ಕಂಪ್ಯೂಟ್ರು ಎಲ್ರನ್ನೂ ಒಂದ್ಸಾರಿ ಅಳುಸ್ತದೆ. ತಗಳಿ, ರೊಟ್ಟಿ ತಿನ್ನಿ" ಎಂದು ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿಯ ಡಬ್ಬಿ ಮೇಜಿನ ಮೇಲಿಟ್ಟರು. ನಾನು ಅವರ ಬೆರಳನ್ನೇ ನೋಡುತ್ತಿದ್ದೆ. "ಕೊಳೆ ಅಲ್ಲ ಕಣವ್ವ. ಸಿಲ್ವರ್ ನೈಟ್ರೇಟು. ಸೋಪ್ಗೆ ಹೋಗಲ್ಲ. ಚರ್ಮ ಸವುದು ಹೋಗ್ಬೇಕು" ಎಂದು ನಕ್ಕರು. ಎರಡನೇ ಸಲ ಬಾಯಿ ತೆರೆಯುವಷ್ಟರಲ್ಲೇ ಬಹುವಚನ ಹೋಗಿ 'ಅವ್ವ' ಬಂದಿತ್ತು. ಮತ್ತೆ ಅವರು ನನ್ನನ್ನು ಬೇರೆ ಥರ ಕರೆಯಲೇ ಇಲ್ಲ.

ಅವರು ರಸಾಯನಶಾಸ್ತ್ರ ವಿಭಾಗದ ಪ್ರಯೋಗಾಲಯದ ಅಟೆಂಡರ್. ಕೈಲಾಂಚದ ಕಡೆಯ ಒಕ್ಕಲು ಮನೆತನ. ಬೆಳಗ್ಗೆ ರೇಷ್ಮೆ ಹುಳುವಿಗೆ ಸೊಪ್ಪು ಹಾಕಿ, ಹಾಲು ಡೈರಿಗೆ ಕೊಟ್ಟು, ಮೊಪೆಡ್‌ನಲ್ಲಿ ಹತ್ತಕ್ಕೆ ಮುಂಚೆ ಹಾಜರು. ಹುಳ ಹಣ್ಣಾಗಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುವ ದಿನ ಮಾತ್ರ ರಜೆ ಹಾಕುತ್ತಿದ್ದರು. ಹುಡುಗರಿಂದ ಹಿಡಿದು ಪ್ರೊಫೆಸರರವರೆಗೆ ಎಲ್ಲರಿಗೂ ಅವರು ಲ್ಯಾಬ್ ಅಣ್ಣ.

ಲ್ಯಾಬಿನಲ್ಲಿ ಅವರದು ಒಂದೇ ಹಟ. ಚೀಟಿ ಅಂಟಿಸದ ಬಾಟಲಿ ಇರಕೂಡದು. ಹೊಸದಾಗಿ ಬಂದ ಉಪನ್ಯಾಸಕರೊಬ್ಬರು ಒಮ್ಮೆ ಕಿಟಕಿಯಲ್ಲಿದ್ದ ಬಾಟಲಿ ತೋರಿಸಿ, "ಅದು ಬರೀ ನೀರು, ಚೆಲ್ಲಿಬಿಡಿ" ಎಂದರಂತೆ. ಇವರು ಜಪ್ಪಯ್ಯ ಎಂದರೂ ಮುಟ್ಟಲಿಲ್ಲ. "ಮೇಲೆ ಬರ್ದಿಲ್ದಿದ್ದನ್ನ ನೀರು ಅಂತ ನಾನು ಒಪ್ಪಲ್ಲ ಸಾರ್" ಎಂದರಂತೆ. ಪರೀಕ್ಷಿಸಿ ನೋಡಿದರೆ ಅದು ನೀರಲ್ಲ. ಉಪನ್ಯಾಸಕರು ಆಮೇಲೆ ತಮ್ಮ ಮದುವೆಗೆ ಕರೆಯಲು ಮೊದಲು ಬಂದದ್ದು ಇವರ ಹತ್ತಿರಕ್ಕೆ. ಕನಕಪುರದ ಕಡೆಯ ಹುಡುಗಿಯೊಬ್ಬಳು ಆಸಿಡ್ ಚೆಲ್ಲಿಕೊಂಡು ದುಪಟ್ಟಾ ತೂತು ಮಾಡಿಕೊಂಡಾಗ, ತಕ್ಷಣ ನಲ್ಲಿಯ ಕೆಳಗೆ ಕೈ ಹಿಡಿಸಿ, ನೋವಿಗಿಂತ ಬೈಗುಳದ ಭಯಕ್ಕೆ ನಡುಗುತ್ತಿದ್ದ ಅವಳಿಗೆ, "ನಿಮ್ಮವ್ವಂಗೆ ಹೇಳು, ಲ್ಯಾಬ್ ಅಣ್ಣ ಹರ್ದಾಕ್ಬುಟ್ಟ ಅಂತ" ಎಂದವರೂ ಇವರೇ.

ಇನ್ನು ಸಮಿತಿಯ ವಿಷಯ. ನಮ್ಮ ನಿಯಮಾವಳಿಯಲ್ಲಿ ಒಂದು ಸಾಲು ಇತ್ತು. ಕೇಂದ್ರದ ಆಡಳಿತ ಸಮಿತಿಯಲ್ಲಿ ಬೋಧಕೇತರ ನೌಕರರು ಆರಿಸಿದ ಒಬ್ಬ ಪ್ರತಿನಿಧಿ ಇರತಕ್ಕದ್ದು. ವರ್ಷಗಟ್ಟಲೆ ಆ ಜಾಗ ಖಾಲಿ. ಪಾಠ ಮಾಡುವವರು ಕೂತು ತೀರ್ಮಾನಿಸುವುದು, ಉಳಿದವರು ಕಾಫಿ ಕೊಡುವುದು, ಹಾಗೇ ನಡೆದುಬಂದಿತ್ತು. ಅಣ್ಣ ಯಾವುದೋ ಬೀರು ತೆರವು ಮಾಡುವಾಗ ಹಳೇ ನಿಯಮಾವಳಿ ಪುಸ್ತಕ ಸಿಕ್ಕಿ, ಆ ಸಾಲಿನ ಕೆಳಗೆ ಪೆನ್ಸಿಲ್ ಗೆರೆ ಎಳೆದು, ಎಲ್ಲ ಕೊಠಡಿಗೂ ತಿರುಗಿ ತೋರಿಸಿದರು. "ನಮ್ಗೂ ಒಂದ್ ಕುರ್ಚಿ ಐತೆ ಕಣ್ರಪ್ಪ. ನಾವೇ ಕೇಳಿಲ್ಲ" ಎಂದರು. ಅರ್ಜಿ ಮೇಲೆ ಅರ್ಜಿ ಹೋಗಿ, ಕೊನೆಗೂ ಚುನಾವಣೆ ಆಯಿತು. ಅವರೇ ಗೆದ್ದರು. ನಿಲ್ಲಲು ಬೇರೆ ಯಾರಿಗೂ ಧೈರ್ಯವಿರಲಿಲ್ಲ ಅನ್ನಿ.

ಮೊದಲ ಸಭೆಗೆ ನಡಾವಳಿ ಬರೆಯಲು ನಾನೂ ಇದ್ದೆ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಅಣ್ಣ ಮೇಜಿನ ತುದಿಯಲ್ಲಿ ಕೂತರು. ಹಿರಿಯ ಪ್ರೊಫೆಸರ್ ಒಬ್ಬರು ಕಾಗದದಿಂದ ತಲೆ ಎತ್ತದೆ, ರೂಢಿಯಂತೆ, "ಒಂದು ಲೋಟ ನೀರು ತಗೊಂಡ್ ಬಾಪ್ಪ" ಎಂದರು. ಎಲ್ಲರೂ ತಬ್ಬಿಬ್ಬಾದರು. ನನಗೆ ನಾಚಿಕೆಯಾಯಿತು. ಅಣ್ಣ ಸುಮ್ಮನೆ ಎದ್ದು ಹೋಗಿ ನೀರು ತಂದು ಅವರ ಮುಂದಿಟ್ಟು, ವಾಪಸ್ ಬಂದು ಕುರ್ಚಿ ಎಳೆದುಕೊಂಡು ಕೂತರು. "ನೀರಾಯ್ತು. ಈಗ ಎರಡನೇ ವಿಷ್ಯ ಓದಿ ಸಾರ್" ಎಂದರು. ಆ ಪ್ರೊಫೆಸರ್ ಮತ್ತೆ ಯಾವ ಸಭೆಯಲ್ಲೂ ಅವರನ್ನು ನೀರು ಕೇಳಲಿಲ್ಲ.

ಸಭೆಗೆ ಹಿಂದಿನ ದಿನ ಅವರದು ಒಂದು ಪದ್ಧತಿ. ಹಳೇ ಉತ್ತರಪತ್ರಿಕೆಯ ಖಾಲಿ ಹಾಳೆ ಮಡಚಿ ಜೇಬಿನಲ್ಲಿಟ್ಟುಕೊಂಡು, ಕಸ ಗುಡಿಸುವವರು, ವಾಚ್‌ಮನ್, ತೋಟದವರು, ಗುಮಾಸ್ತರು, ಒಬ್ಬರನ್ನೂ ಬಿಡದೆ ಕೇಳುತ್ತಿದ್ದರು. "ನಾಳೆ ಮೀಟಿಂಗು. ಏನಾರ ಹೇಳಾದೈತಾ?" ಸಭೆ ಮುಗಿದ ಮೇಲೆ ಊಟದ ಹೊತ್ತಿಗೆ ಸೈಕಲ್ ಸ್ಟ್ಯಾಂಡಿನ ಹೊಂಗೆ ಮರದ ಕೆಳಗೆ ಎಲ್ಲರನ್ನೂ ಕೂರಿಸಿ, ಆದದ್ದು ಆಯಿತು, ಆಗದ್ದು ಆಗಲಿಲ್ಲ ಎಂದು ಒಂದೊಂದಾಗಿ ಒಪ್ಪಿಸುತ್ತಿದ್ದರು. ಇಷ್ಟೆಲ್ಲ ಯಾಕಣ್ಣ ಎಂದು ನಾನು ಕೇಳಿದ್ದಕ್ಕೆ, "ಕೇಳ್ಕಂಡು ಹೋದ್ಮೇಲೆ ಹೇಳಾಕೂ ಬರ್ಬೇಕಲ್ಲವ್ವ. ಇಲ್ದಿದ್ರೆ ಕುರ್ಚಿ ನಂದೇ ಅಂದ್ಕಂಬುಡ್ತೀನಿ" ಎಂದರು.

ಒಂದೇ ವರ್ಷದಲ್ಲಿ ಹೆಣ್ಣುಮಕ್ಕಳಿಗೆ ಒಂದು ವಿಶ್ರಾಂತಿ ಕೊಠಡಿ ಬಂತು, ಒಳಗಿನಿಂದ ಚಿಲಕ ಹಾಕಿಕೊಳ್ಳುವಂಥದ್ದು. ಲ್ಯಾಬಿಗೆ ಗಾಳಿ ಹೊರಹಾಕುವ ಫ್ಯಾನು ಬಂತು. ಕುದೂರಿನ ಕಡೆಯವರಿಗೆ ಬಸ್ಸು ತಪ್ಪದಂತೆ ಸಂಜೆಯ ಸಹಿ ಹತ್ತು ನಿಮಿಷ ಮುಂಚೆ ಹಾಕಿಸಲು ಒಪ್ಪಿಗೆ ಸಿಕ್ಕಿತು. ಹೊರಗಿನವರಿಗೆ ಇವು ಏನೂ ಅಲ್ಲದಿರಬಹುದು. ಬಸ್ಸು ತಪ್ಪಿ ಬೀದಿಯಲ್ಲಿ ನಿಂತವರಿಗೆ ಗೊತ್ತು.

ಹಾಗೆ ಮರದ ಕೆಳಗೆ ಕೂರುವವರಲ್ಲಿ ಹನ್ನೊಂದು ಜನ ದಿನಗೂಲಿಯವರಿದ್ದರು. ಕೆಲಸ ಕಾಯಂ ಆದೀತೆಂದು ಕಾಯುತ್ತಾ ಕಾಯುತ್ತಾ ಕೆಲವರಿಗೆ ತಲೆ ನರೆತಿತ್ತು. ಅವರಲ್ಲಿ ಚಿಕ್ಕತಾಯಮ್ಮ ಗಟ್ಟಿ ಬಾಯಿಯವಳು, ಪ್ರಯೋಗಾಲಯದ ಕಾರಿಡಾರು ಗುಡಿಸುವವಳು. ಅಣ್ಣನನ್ನು ಚುಡಾಯಿಸುವ ಧೈರ್ಯ ಅವಳೊಬ್ಬಳಿಗೇ. "ಏನಣ್ಣೋ, ಇವತ್ತು ಮೀಟಿಂಗ್ನಲ್ಲಿ ವಡೆ ಎಷ್ಟು ಹೊಡುದೆ?" ಎಂದು ಕೇಳುವಳು. ಅಣ್ಣ ಟವೆಲಿನಿಂದ ಒಂದು ಪೊಟ್ಟಣ ತೆಗೆದು, "ನಿಂದು ಒಂದು ತಂದಿವ್ನಿ, ಬಾಯ್ ಮುಚ್ಚು" ಎನ್ನುವರು.

ಈಗ ನಮ್ಮಲ್ಲಿದ್ದ ಒಂದು ರೂಢಿಯ ಬಗ್ಗೆ ಹೇಳಬೇಕು. ಎಲ್ಲವೂ ಕೆಟ್ಟದ್ದು ಅಲ್ಲಿಂದಲೇ. ಸಭೆ ಮುಗಿಯುತ್ತಿದ್ದಂತೆ ಒಬ್ಬರು ಬೆಂಗಳೂರಿಗೆ, ಒಬ್ಬರು ತರಗತಿಗೆ ಓಡುತ್ತಿದ್ದರು. ಆಮೇಲೆ ಸಹಿಗೆ ಅವರನ್ನು ಹಿಡಿಯುವುದು ಯಾರು? ಹಾಗಾಗಿ ಸಭೆ ಶುರುವಾಗುವ ಮೊದಲೇ, ವಡೆ ಕಾಫಿಯ ಜೊತೆಗೆ, ನಡಾವಳಿಯ ಕೊನೆಯ ಹಾಳೆ ಸುತ್ತು ಬರುತ್ತಿತ್ತು. ಕೆಳಗೆ ಹೆಸರುಗಳು, ಮೇಲೆ ಖಾಲಿ. ಎಲ್ಲರೂ ಸಹಿ ಹಾಕುವರು. ಮೇಲಿನದನ್ನು ನಾನು ಎರಡು ದಿನ ಬಿಟ್ಟು ಟೈಪ್ ಮಾಡಿ ತುಂಬುವುದು. ಮೊದಲ ಸಲ ಆ ಹಾಳೆ ಬಂದಾಗ ಅಣ್ಣ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಏನೂ ಬರ್ದೇ ಇಲ್ವಲ್ಲ ಸಾರ್?" ಎಂದಿದ್ದರು. ಎಲ್ಲ ನಕ್ಕರು. "ಯಾಕ್ರೀ, ನಮ್ಮ ಮೇಲೆ ನಂಬಿಕೆ ಇಲ್ವಾ?" ಎಂದರು ಆಗಿನ ನಿರ್ದೇಶಕರು, ಹೆಗಲ ಮೇಲೆ ಕೈಯಿಟ್ಟು. ಅಣ್ಣ ಸಂಕೋಚಪಟ್ಟು ಸಹಿ ಹಾಕಿದರು. ಚೀಟಿಯಿಲ್ಲದ ಬಾಟಲಿ ಮುಟ್ಟದ ಮನುಷ್ಯ! ನಾನು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಅವರಿಗೆ ಬುದ್ಧಿ ಇಲ್ಲದೆ ಅಲ್ಲ. ಮೊದಲ ಸಲ ಪಕ್ಕದಲ್ಲಿ ಕೂರಿಸಿಕೊಂಡವರನ್ನು ನಂಬುವುದಿಲ್ಲ ಎಂದು ಹೇಳಲು ಅವರ ಮನಸ್ಸು ಒಪ್ಪಲಿಲ್ಲ.

ಆ ದಿನದ ಸಭೆಯಲ್ಲೂ ಹಾಗೇ ಸಹಿ ಆಯಿತು. ಕಾರ್ಯಸೂಚಿಯಲ್ಲಿದ್ದ ವಿಷಯಗಳು ಮುಗಿದು, ಎಲ್ಲರೂ ಫೈಲು ಮುಚ್ಚಿ ಕುರ್ಚಿ ಹಿಂದಕ್ಕೆ ತಳ್ಳುವ ಹೊತ್ತಿಗೆ, 'ಅಧ್ಯಕ್ಷರ ಅನುಮತಿಯ ಮೇರೆಗೆ ಇತರೆ ವಿಷಯ' ಎಂದು ನಿರ್ದೇಶಕರು ಒಂದು ಚೀಟಿ ತೆಗೆದು ಓದಿದರು. ದಿನಗೂಲಿಯವರನ್ನೆಲ್ಲ ಬಿಡಿಸಿ, ಆ ಕೆಲಸವನ್ನು ಹೊರಗುತ್ತಿಗೆಯ ಏಜೆನ್ಸಿಗೆ ಕೊಡುವುದು. "ಎಲ್ಲರಿಗೂ ಸರಿ ತಾನೆ?" ಎಂದರು. ಯಾರೂ ಏನೂ ಅನ್ನಲಿಲ್ಲ. ಅನ್ನದಿದ್ದರೆ ಸರಿ ಎಂದೇ ಲೆಕ್ಕ.

ಅಣ್ಣ ಎದ್ದು ನಿಂತರು.

"ಸಾರ್, ಇದ್ಕೆ ನನ್ ಒಪ್ಗೆ ಇಲ್ಲ. ನಿನ್ನೆ ತಾನೇ ಆ ಹನ್ನೊಂದು ಜನನ್ನೂ ಮಾತಾಡ್ಸಿ ಬಂದಿವ್ನಿ. ಈ ವಿಷ್ಯ ಬತ್ತದೆ ಅಂತ ಅವ್ರಿಗೂ ಗೊತ್ತಿಲ್ಲ, ನಂಗೂ ಗೊತ್ತಿಲ್ಲ. ಅವ್ರನ್ನ ಒಂದ್ ಮಾತು ಕೇಳ್ದೆ ಅವ್ರ ಅನ್ನ ಕಿತ್ಕಳಾಕೆ ನಾನು ಇಲ್ಲಿ ಕುಂತಿಲ್ಲ. ಬೇಡ ಅಂದ್ರು ಅಂತ ಬರ್ಕಳಿ."

ಆಮೇಲೆ ನನ್ನ ಕಡೆ ತಿರುಗಿ, "ಬರ್ಕಳವ್ವ" ಎಂದರು. ಬರೆದುಕೊಂಡೆ. ಹಸಿರು ರಟ್ಟಿನ ನನ್ನ ನೋಟುಪುಸ್ತಕದಲ್ಲಿ, ಅವರು ಆಡಿದ ಮಾತು ಆಡಿದ ಹಾಗೇ ಬರೆದುಕೊಂಡೆ. "ಆಯ್ತು ಆಯ್ತು, ಕೂತ್ಕೊಳ್ಳಿ, ದಾಖಲಾಗುತ್ತೆ" ಎಂದರು ನಿರ್ದೇಶಕರು.

ಎರಡು ದಿನ ಬಿಟ್ಟು ಅವರು ನನ್ನನ್ನು ಕರೆದು ನಡಾವಳಿ ಹೇಳಿ ಬರೆಸಿದರು. ಆ ವಿಷಯಕ್ಕೆ ಬಂದಾಗ, "ಸರ್ವಾನುಮತದಿಂದ ಅಂಗೀಕರಿಸಲಾಯಿತು" ಎಂದರು. ನನ್ನ ಕೈ ನಿಂತಿತು. "ಸರ್, ಅವರು ಬೇಡ ಅಂದಿದ್ರಲ್ಲ" ಎಂದೆ. ಅವರು ಸಿಟ್ಟಾಗಲಿಲ್ಲ. ತುಂಬ ಮೃದುವಾಗಿ ಕೇಳಿದರು: "ನಿಮ್ಮ ಪ್ರೊಬೇಷನ್ ಮುಗಿಯೋದು ಯಾವಾಗಮ್ಮ?"

ಟೈಪ್ ಮಾಡಿದೆ. ಇದಕ್ಕೆ ನಾನು ಬೇರೆ ಬಣ್ಣ ಬಳಿಯುವುದಿಲ್ಲ. ಬಾಯಿ ಮುಚ್ಚಿಕೊಂಡು ಟೈಪ್ ಮಾಡಿದೆ, ಅಣ್ಣನ ಸಹಿಯ ಮೇಲೆ.

ವಾರದಲ್ಲಿ ಹನ್ನೊಂದು ಜನರಿಗೂ ನೋಟಿಸು ಬಂತು, ಜೊತೆಗೆ ನಡಾವಳಿಯ ಪ್ರತಿ. ಊಟದ ಹೊತ್ತಿಗೆ ಎಲ್ಲರೂ ಹೊಂಗೆ ಮರದ ಕೆಳಗಿದ್ದರು. ಅಣ್ಣ ಬರುತ್ತಿದ್ದಂತೆ ಚಿಕ್ಕತಾಯಮ್ಮ ಎದ್ದು ಬಂದು ಆ ಹಾಳೆಯನ್ನು ಮುಖದ ಮುಂದೆ ಹಿಡಿದಳು. ಅವಳಿಗೆ ಓದಲು ಬರುತ್ತಿರಲಿಲ್ಲ, ಆದರೆ ಸಂಬಳದ ದಿನ ಸಾಕ್ಷಿಗೆಂದು ಅಣ್ಣ ಹಾಕುತ್ತಿದ್ದ ಸಹಿಯ ಗುರುತಿತ್ತು.

"ಅಣ್ಣಾ, ಇದು ನಿನ್ ರುಜು ಅಲ್ವಾ?"

ನಾನು ಕಚೇರಿಯ ಕಿಟಕಿಯಲ್ಲಿ ನಿಂತಿದ್ದೆ. ಅಣ್ಣ ಹಾಳೆ ತೆಗೆದುಕೊಂಡು ಓದಿದರು. ಇನ್ನೊಮ್ಮೆ ಓದಿದರು. ಖಾಲಿ ಹಾಳೆಗೆ ಹಾಕಿಸಿಕೊಂಡರು ಎನ್ನಬಹುದಿತ್ತು, ಮೋಸ ಎಂದು ಕೂಗಬಹುದಿತ್ತು.

"ನಂದೇ ಕಣವ್ವ" ಎಂದರು. "ಆದ್ರೆ ನಾನು ಬೇಡ ಅಂದಿದ್ದೆ."

"ಬೇಡ ಅಂದೋನು ರುಜು ಯಾಕಾಕ್ದೆ?" ಎಂದಳು ಚಿಕ್ಕತಾಯಮ್ಮ. "ವಡೆ ತಿಂದು ರುಜು ಹಾಕ್ಬುಟ್ಟ, ಬನ್ರೋ" ಎಂದು ಯಾರೋ ಹಿಂದಿನಿಂದ ಅಂದರು. ಎಲ್ಲರೂ ಎದ್ದುಹೋದರು. ಅಣ್ಣ ಮರದ ಕೆಳಗೆ ಒಬ್ಬರೇ ನಿಂತಿದ್ದರು, ಹಾಳೆ ಹಿಡಿದುಕೊಂಡು, ಗಂಟೆ ಹೊಡೆಯುವವರೆಗೆ.

ಏಜೆನ್ಸಿಯವರು ಚಿಕ್ಕ ವಯಸ್ಸಿನ ನಾಲ್ವರನ್ನು ಇಟ್ಟುಕೊಂಡು ಉಳಿದವರನ್ನು ಬೇಡವೆಂದರು. ಚಿಕ್ಕತಾಯಮ್ಮ ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚುವ ಕಡೆ ಸೇರಿದಳು, ದಿನವೆಲ್ಲ ಬಿಸಿನೀರಿನಲ್ಲಿ ಕೈ ಅದ್ದಿ ಗೂಡಿನ ಎಳೆ ಹುಡುಕುವ ಕೆಲಸ.

ಅಲ್ಲಿಂದ ಶುರುವಾಯಿತು ಅಣ್ಣನ ಅರ್ಜಿ. ಕೆಲಸ ವಾಪಸು ಕೊಡಿಸಲು ತನ್ನ ಕೈಯಲ್ಲಿ ಆಗದೆಂದು ಅವರಿಗೆ ಬೇಗ ಗೊತ್ತಾಯಿತು. ಅವರು ಕೇಳಿದ್ದು ಒಂದೇ. 'ಬೋಧಕೇತರ ಪ್ರತಿನಿಧಿ ಒಪ್ಪಲಿಲ್ಲ' ಎಂಬ ಒಂದು ಸಾಲನ್ನು ನಡಾವಳಿಯಲ್ಲಿ ಸೇರಿಸಿ, ಪ್ರತಿ ಕೊಡಿ. ಆ ಪ್ರತಿ ಹಿಡಿದುಕೊಂಡು ಹನ್ನೊಂದು ಮನೆಗೂ ಹೋಗಬೇಕು. ಅಷ್ಟೇ ಅವರ ಆಸೆ.

ಅರ್ಜಿ ಟೈಪ್ ಮಾಡಿಸಲು ಬರುತ್ತಿದ್ದದ್ದು ಎಲ್ಲಿಗೆ? ನನ್ನ ಹತ್ತಿರಕ್ಕೇ. ಮೊದಲ ದಿನ ಎದುರಿಗೆ ಕೂತು ತಣ್ಣಗೆ ಕೇಳಿದರು, "ಆವತ್ತು ಬರ್ಕಂಡ್ಯಲ್ಲ, ಆ ಪುಸ್ತಕ ಐತೇನವ್ವ?"

"ಇಲ್ಲಣ್ಣ. ಟೈಪ್ ಆದ್ಮೇಲೆ ಹರಿದು ಹಾಕ್ಬಿಡ್ತೀವಿ" ಎಂದೆ.

ಅದು ನನ್ನ ಮೊಣಕಾಲಿಗೆ ತಗಲುವಷ್ಟು ಹತ್ತಿರ, ಮೇಜಿನ ಡ್ರಾಯರಿನಲ್ಲಿತ್ತು. ಅವರು ಒಂದು ಗಳಿಗೆ ನನ್ನ ಮುಖ ನೋಡಿದರು. "ಹೂಂ, ಸರಿ ಬುಡು" ಎಂದರು. ಮತ್ತೆ ಯಾವತ್ತೂ ಆ ಮಾತು ಎತ್ತಲಿಲ್ಲ.

ಅವರು ಹೇಳುತ್ತಾ ಹೋಗುವರು, ನಾನು ಟೈಪ್ ಮಾಡುತ್ತಾ ಹೋಗುವೆ. 'ನಾನು ಅಂದಿನ ಸಭೆಯಲ್ಲಿ ಎದ್ದು ನಿಂತು ವಿರೋಧಿಸಿದ್ದು ಸತ್ಯವಾಗಿರುತ್ತದೆ.' ಪ್ರತಿ ಅರ್ಜಿಯಲ್ಲೂ ಆ ವಾಕ್ಯ. ಮೇಲಿನಿಂದ ಬರುವ ಹಿಂಬರಹದಲ್ಲೂ ಒಂದೇ ಮಾತು: ಸದಸ್ಯರು ನಡಾವಳಿಗೆ ಸಹಿ ಮಾಡಿರುವುದರಿಂದ ಪರಿಶೀಲಿಸಲು ಅವಕಾಶವಿರುವುದಿಲ್ಲ, ಪುರಾವೆ ಇದ್ದಲ್ಲಿ ಸಲ್ಲಿಸುವುದು. ಸಭೆಯಲ್ಲಿದ್ದ ಪ್ರೊಫೆಸರುಗಳನ್ನು ಹೋಗಿ ಕೇಳಿದರು. ಒಬ್ಬರಿಗೆ ನೆನಪಿರಲಿಲ್ಲ. ಇನ್ನೊಬ್ಬರು ಆಗ ಫೋನಿನಲ್ಲಿದ್ದರಂತೆ. ನೀರು ಕೇಳಿದ್ದ ಹಿರಿಯರು ಮಾತ್ರ, "ನೀವು ಎದ್ದು ನಿಂತಿದ್ದು ನಿಜ ಕಣ್ರೀ" ಎಂದು ಒಪ್ಪಿಕೊಂಡು, ಬರೆದುಕೊಡಿ ಎಂದಾಗ ಕನ್ನಡಕ ಒರೆಸುತ್ತಾ ಕೂತರಂತೆ.

ನನ್ನ ಪ್ರೊಬೇಷನ್ ಮುಗಿಯಿತು. ಆದೇಶ ಬಂದ ದಿನ ಅಣ್ಣನೇ ಮೊದಲು ಬಂದು, ರಾಮನಗರದಿಂದ ತಂದ ಮೈಸೂರುಪಾಕು ಕೊಟ್ಟು, "ಇನ್ನು ನಿನ್ನ ಯಾವನೂ ಅಲ್ಲಾಡ್ಸಕಾಗಲ್ಲ ಕಣವ್ವ" ಎಂದರು. ಆ ದಿನ ಹೇಳಬಹುದಿತ್ತು. ಹೇಳಲಿಲ್ಲ. ಇಷ್ಟು ದಿನ ಯಾಕೆ ಮುಚ್ಚಿಟ್ಟೆ ಎಂದು ಕೇಳಿದರೆ ಏನು ಹೇಳಲಿ ಎಂಬ ಭಯ. ಆಮೇಲೆ ಬಡ್ತಿಯ ಸರದಿ ಬಂತು. ಆ ನಿರ್ದೇಶಕರು ಹೋದರು, ಹೊಸಬರು ಬಂದರು, ಭಯಪಡಲು ಯಾರೂ ಉಳಿಯಲಿಲ್ಲ. ಆಗಲೂ ಹೇಳಲಿಲ್ಲ. ಥೂ, ಮನುಷ್ಯನ ಬುದ್ಧಿ! ತಪ್ಪಿಗಿಂತ ತಪ್ಪು ತಡವಾಗಿ ಬಯಲಾಗುವುದೇ ದೊಡ್ಡ ಅವಮಾನವಾಗಿಬಿಟ್ಟಿತ್ತು ನನಗೆ.

ಅಣ್ಣ ಮುಂದಿನ ಚುನಾವಣೆಗೆ ನಿಲ್ಲಲಿಲ್ಲ. ಆ ಕುರ್ಚಿಯಲ್ಲಿ ಬೇರೊಬ್ಬರು ಕೂತರು, ಸುಮ್ಮನೆ ಕೂತರು. ಲ್ಯಾಬಿನಲ್ಲಿ ಅಣ್ಣನ ಕೆಲಸ ಮೊದಲಿನ ಹಾಗೇ ನಡೆಯುತ್ತಿತ್ತು, ಆದರೆ ಊಟಕ್ಕೆ ಹೊಂಗೆ ಮರದ ಕಡೆ ಹೋಗುವುದು ನಿಂತಿತು. ಬಾಗಿಲು ಮುಂದಕ್ಕೆ ಹಾಕಿಕೊಂಡು ಸಿಂಕಿನ ಪಕ್ಕ ಸ್ಟೂಲಿನ ಮೇಲೆ ಕೂತು ಉಣ್ಣುತ್ತಿದ್ದರು. ಒಮ್ಮೆ ರಾಮನಗರದ ಬಸ್ ಸ್ಟ್ಯಾಂಡಿನಲ್ಲಿ ಚಿಕ್ಕತಾಯಮ್ಮ ಎದುರಾದಳಂತೆ. ಇವರು "ಚೆಂದಾಗಿದ್ದೀಯೇನವ್ವ?" ಎಂದರೆ ಅವಳು ಮುಖ ತಿರುಗಿಸಿ ಬೇರೆ ಬಸ್ಸು ಹತ್ತಿದಳಂತೆ. "ಅವ್ಳ ಊರಿನ್ ಬಸ್ಸಲ್ಲ ಕಣವ್ವ ಅದು. ಚನ್ನಪಟ್ಟಣಕ್ಕೆ ಹೋಗೋದು. ಅದಕ್ಕತ್ಬುಟ್ಲು" ಎಂದು ನನ್ನ ಮುಂದೆ ಹೇಳಿದರು. ಹೇಳಿ ನಗಲು ನೋಡಿದರು, ಆಗಲಿಲ್ಲ. ಟವೆಲಿನಿಂದ ಮುಖ ಒರೆಸಿಕೊಂಡರು. ನಾನು ಸ್ಟೇಪ್ಲರ್ ಹುಡುಕುವವಳ ಹಾಗೆ ಬಗ್ಗಿದೆ.

ನಿವೃತ್ತಿಯ ದಿನ ಹಾರ, ಶಾಲು, ಹಣ್ಣಿನ ಬುಟ್ಟಿ ಎಲ್ಲವೂ ಆಯಿತು. ಎರಡು ಮಾತಾಡಿ ಎಂದರೆ, ಅಣ್ಣ ಮೈಕಿನ ಮುಂದೆ ನಿಂತು, "ಲ್ಯಾಬ್ನಾಗೆ ಎಲ್ಲಾ ಬಾಟ್ಲಿಗೂ ಚೀಟಿ ಹಾಕಿವ್ನಿ, ಹೊಸದಾಗಿ ಬರೋರಿಗೆ ತೊಂದ್ರೆ ಇಲ್ಲ" ಎಂದಷ್ಟೇ ಹೇಳಿ ಕೂತರು. ಹೋಗುವಾಗ ನನ್ನ ಮೇಜಿನ ಹತ್ತಿರ ಬಂದು ಕೊನೆಯ ಅರ್ಜಿಯ ಸ್ವೀಕೃತಿಗೆ ಸೀಲು ಹಾಕಿಸಿಕೊಂಡರು. ಅದಕ್ಕೂ ಅದೇ ಹಿಂಬರಹ ಹೋಯಿತು, ಈ ಸಲ ಅವರ ಮನೆ ವಿಳಾಸಕ್ಕೆ. ಅದನ್ನು ಟೈಪ್ ಮಾಡಿದವಳೂ ನಾನೇ.

ತಿಥಿಯ ದಿನ ಕೈಲಾಂಚದ ಕಡೆ ಹೋಗುವ ಬಸ್ಸು ಹತ್ತಿದೆ. ಚೀಲದಲ್ಲಿ ಆ ನೋಟುಪುಸ್ತಕವಿತ್ತು. ಯಾಕೆ ಇಟ್ಟುಕೊಂಡೆ ಎಂದು ಕೇಳಿದರೆ ನನಗೇ ಗೊತ್ತಿಲ್ಲ. ಬದುಕಿದ್ದಾಗ ಕೊಡದ್ದನ್ನು ಫೋಟೋದ ಮುಂದೆ ಇಟ್ಟು ಏನು ಮಾಡಬೇಕೆಂದಿದ್ದೆನೋ.

ಮನೆ ಮುಂದೆ ಶಾಮಿಯಾನ, ಜನ. ಅಣ್ಣನ ಹೆಂಡತಿ ಒಳಗೆ ನಡುಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು, ಸುತ್ತ ನಾಲ್ಕಾರು ಹೆಂಗಸರು. ಅವರ ಪಕ್ಕ ಕೂತು ಕೈ ಹಿಡಿದುಕೊಂಡೆ. ಅಲ್ಲಿಯವರೆಗೆ ತಡೆದಿದ್ದ ಅಳು ಕಟ್ಟೆ ಒಡೆಯಿತು. "ಅಕ್ಕಾ, ಅಣ್ಣನಿಗೆ ನಾನು ಸುಳ್ಳು ಹೇಳಿದೆ. ಪುಸ್ತಕ ನನ್ ಹತ್ರಾನೇ ಇತ್ತು" ಎಂದು ಚೀಲದಿಂದ ತೆಗೆದೆ.

ಅವರಿಗೆ ಆಶ್ಚರ್ಯವಾಗಲಿಲ್ಲ. ಪುಸ್ತಕದ ರಟ್ಟಿನ ಮೇಲೆ ಕೈ ಆಡಿಸಿದರು.

"ಇದೇ ಏನವ್ವ ಆ ಹಸಿರು ರಟ್ಟಿಂದು? ಅವ್ರಿಗೆ ಗೊತ್ತಿತ್ತು ಕಣವ್ವ. ನೀನು ಎಂತದ್ನೋ ತಗಿಯಾಕೆ ಡ್ರಾಯರ್ ಎಳ್ದಾಗ ಕಣ್ಣಾರೆ ನೋಡಿದ್ರಂತೆ. ನಾನು ಜಗಳಾಡ್ದೆ, ಅದ್ನ ಈಸ್ಕಂಬಂದು ಮುಖಕ್ಕೆ ಹಿಡೀರಿ ಅಂತ. ಬ್ಯಾಡ ಕಣೆ, ಅದು ಆಚೆಗೆ ಬಂದ್ರೆ ಆ ಮಗೀನ ಕೆಲ್ಸ ಹೋಯ್ತದೆ, ಹನ್ನೊಂದು ಆಗೈತೆ, ಹನ್ನೆರಡು ಮಾಡಾದು ಬ್ಯಾಡ ಅಂದ್ರು."

"ಪ್ರೊಬೇಷನ್ ಮುಗುದ್ಮೇಲಾದ್ರೂ ಕೇಳ್ಬೋದಿತ್ತಲ್ಲಕ್ಕ?"

"ಅದ್ನೂ ಅಂದೆ. ಅವ್ಳಾಗೇ ಕೊಡ್ತಾಳೆ ಸುಮ್ಕಿರು ಅಂದ್ರು. ಆಸ್ಪತ್ರೆಲೂ ಅದೇ ಅಂದ್ರು."

ಅಷ್ಟು ವರ್ಷ, ಪ್ರತಿ ಅರ್ಜಿಗೂ, ಆ ಡ್ರಾಯರಿನ ಮುಂದೆಯೇ ಕೂತು ಅವರು ನನಗಾಗಿ ಕಾದಿದ್ದರು.

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಬಾಗಿಲ ಕಡೆ ತಿರುಗಿದರು. "ಚಿಕ್ಕತಾಯಿ, ಬಾ ಇಲ್ಲಿ" ಎಂದರು. ನಾನು ನೋಡಿಯೇ ಇರಲಿಲ್ಲ. ಹೊಸ್ತಿಲ ಪಕ್ಕ, ಸಾವಿನ ಮನೆಗೆ ಬರದೆ ಇರಲಾಗದೆ ಬಂದವಳ ಹಾಗೆ, ಚಿಕ್ಕತಾಯಮ್ಮ ಮುದುಡಿ ಕೂತಿದ್ದಳು. ಎದ್ದು ಬಂದು ನಮ್ಮ ಮುಂದೆ ಕುಕ್ಕರುಗಾಲಿನಲ್ಲಿ ಕೂತಳು. ಬಿಸಿನೀರಿನಲ್ಲಿ ನೆಂದು ಬೆರಳೆಲ್ಲ ಬೆಳ್ಳಗೆ ಸುಲಿದಿದ್ದವು.

"ಓದವ್ವ" ಎಂದರು ಅಕ್ಕ ನನಗೆ. "ನಂಗೂ ಓದಾಕ್ ಬರಲ್ಲ, ಅವ್ಳಿಗೂ ಬರಲ್ಲ. ಜೋರಾಗಿ ಓದು."

ಹಾಳೆ ತೆರೆದು ಓದಿದೆ. ಅವರು ಆಡಿದ ಹಾಗೇ ಬರೆದುಕೊಂಡಿದ್ದರಿಂದ ಅವರ ಮಾತೇ ನನ್ನ ಬಾಯಲ್ಲಿ ಬಂತು. ಹನ್ನೊಂದು ಜನನ್ನೂ ಮಾತಾಡ್ಸಿ ಬಂದಿವ್ನಿ, ಅವ್ರ ಅನ್ನ ಕಿತ್ಕಳಾಕೆ ನಾನು ಇಲ್ಲಿ ಕುಂತಿಲ್ಲ, ಬೇಡ ಅಂದ್ರು ಅಂತ ಬರ್ಕಳಿ.

ಚಿಕ್ಕತಾಯಮ್ಮ ಪುಸ್ತಕವನ್ನೂ ನನ್ನ ಮುಖವನ್ನೂ ನೋಡಿದಳು.

"ಇದು ಇಷ್ಟ್ ವರ್ಷದಿಂದ ನಿನ್ ತಾವೇ ಇತ್ತಾ?"

"ಇತ್ತು" ಎಂದೆ.

ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಹೊರಗೆ ಹಾರ ಹಾಕಿಟ್ಟಿದ್ದ ಫೋಟೋದ ಕಡೆ ಕತ್ತು ತಿರುಗಿಸಿ, ಸಣ್ಣ ಧ್ವನಿಯಲ್ಲಿ ಅಂದಳು:

"ಮೊದ್ಲೇ ಒಂದ್ ಮಾತು ಹೇಳಿದ್ರೆ, ನಾನು ಬಂದು ಅಣ್ಣನ್ನ ಮಾತಾಡ್ಸ್ಕಂಡಾದ್ರೂ ಹೋಗ್ತಿದ್ನಲ್ಲವ್ವ."